ಒಡಹುಟ್ಟಿದವರಲ್ಲಿ ವಲಸೆ ಹೋದ ಅಣ್ಣನಿಗೆ ಹೃದಯಾಘಾತ: ಕಾರಣ ರಕ್ತವೋ, ನೆಲವೋ?

ಪ್ರಶ್ನೆ
ಕೇಳಿದವರು: ಕಿರಿಯವ

ಎಲ್ಲರಿಗೂ ನಮಸ್ಕಾರ. ವೈದ್ಯರೂ ಆರೋಗ್ಯ ಕ್ಷೇತ್ರದಲ್ಲಿ ದುಡಿಯುವವರೂ ವಲಸೆಯ ಬದುಕನ್ನು ಸ್ವತಃ ಕಂಡವರೂ ಇಲ್ಲಿದ್ದೀರಿ ಎಂಬ ಭರವಸೆಯಿಂದ ಈ ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ.

ನನ್ನ ಅಣ್ಣ 18 ವರ್ಷಗಳ ಹಿಂದೆ ಉದ್ಯೋಗಕ್ಕಾಗಿ ಹೊರದೇಶಕ್ಕೆ ಹೋಗಿ ಅಲ್ಲಿಯೇ ನೆಲೆಸಿದವರು. ಕಳೆದ ತಿಂಗಳು ಅವರಿಗೆ ಹೃದಯಾಘಾತವಾಯಿತು. ವಯಸ್ಸು 47. ಅವರು ಸಿಗರೇಟು ಸೇದುವವರಲ್ಲ, ನೋಡಿದರೆ ದಪ್ಪ ಎನಿಸುವವರೂ ಅಲ್ಲ. ಎತ್ತರಕ್ಕೆ ತಕ್ಕಂತೆ ತೂಕವಿದೆಯೇ ಎಂದು ತೋರಿಸುವ ಬಿಎಂಐ 24ರ ಆಸುಪಾಸಿನಲ್ಲಿದೆ. ಎರಡು ವರ್ಷಗಳ ಹಿಂದೆ ತಪಾಸಣೆಗೆ ಹೋಗಿದ್ದಾಗ ಅಲ್ಲಿನ ವೈದ್ಯರು ವಯಸ್ಸು, ರಕ್ತದೊತ್ತಡ, ಕೊಲೆಸ್ಟರಾಲ್ ಮುಂತಾದ ವಿವರಗಳನ್ನು ಕಂಪ್ಯೂಟರಿಗೆ ತುಂಬಿ, ಮುಂದಿನ ಹತ್ತು ವರ್ಷಗಳಲ್ಲಿ ಹೃದ್ರೋಗ ಬರುವ ಸಾಧ್ಯತೆ ಕಡಿಮೆ ಎಂದು ಹೇಳಿ, ಔಷಧವೇನೂ ಬೇಡವೆಂದು ಕಳುಹಿಸಿದ್ದರು. ಆ ಮಾತನ್ನು ನಂಬಿ ನಾವೆಲ್ಲ ನಿಶ್ಚಿಂತರಾಗಿದ್ದೆವು. ಈಗ ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದಿದ್ದಾರೆ, ನಿಧಾನವಾಗಿ ಚೇತರಿಸಿಕೊಳ್ಳುತ್ತಿದ್ದಾರೆ.

ನಾನು ಅವರಿಗಿಂತ ಮೂರು ವರ್ಷಕ್ಕೆ ಚಿಕ್ಕವನು, ಹುಟ್ಟಿದ ದೇಶದಲ್ಲಿಯೇ ಉಳಿದವನು. ಬಂಧುಗಳಲ್ಲಿ ಈಗ ಎರಡು ಮಾತು ನಡೆಯುತ್ತಿದೆ. ಹೊರದೇಶದ ಒತ್ತಡ ಮತ್ತು ಅಲ್ಲಿನ ಜೀವನಕ್ರಮವೇ ಇದಕ್ಕೆ ಕಾರಣ, ಇಲ್ಲಿಯೇ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಕೆಲವರು ಹೇಳುತ್ತಾರೆ. ದಕ್ಷಿಣ ಏಷ್ಯಾ ಮೂಲದವರ ರಕ್ತದಲ್ಲಿಯೇ ಈ ಕಾಯಿಲೆ ಇದೆ, ಎಲ್ಲಿದ್ದರೂ ಬರುವುದು ಬರುತ್ತಿತ್ತು ಎಂದು ಇನ್ನು ಕೆಲವರು ಹೇಳುತ್ತಾರೆ. ಮೊದಲನೆಯ ಮಾತು ಅಣ್ಣನನ್ನು ಕೊರಗಿಸುತ್ತಿದೆ, ಎರಡನೆಯದು ನನ್ನನ್ನು ಹೆದರಿಸುತ್ತಿದೆ.

ಇವೆರಡರಲ್ಲಿ ಯಾವುದು ನಿಜ? ಕಡಿಮೆ ಅಪಾಯ ಎಂದು ತೋರಿಸಿದ ಆ ಲೆಕ್ಕಾಚಾರ ತಪ್ಪಿದ್ದೆಲ್ಲಿ? ಅಲ್ಲಿಯೇ ಹುಟ್ಟಿ ಬೆಳೆದ ಅಣ್ಣನ ಮಗಳೂ ಇಲ್ಲಿಯೇ ಉಳಿದ ನಾನೂ ಈಗ ಏನು ಮಾಡಬೇಕು? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1
ಬರೆದವರು: ಎಣಿಕೆಗಾರ್ತಿ

ಕಿರಿಯವ ಅವರೇ, ನಿಮ್ಮ ಅಣ್ಣನವರು ಬೇಗ ಗುಣಮುಖರಾಗಲಿ. ನಾನು ವೈದ್ಯೆಯಲ್ಲ, ಜನಸಮುದಾಯಗಳಲ್ಲಿ ರೋಗಗಳು ಹೇಗೆ ಹರಡಿಕೊಂಡಿವೆ ಎಂಬುದರ ಅಧ್ಯಯನ ನನ್ನ ಕೆಲಸ. ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ಮಾತ್ರ, ಸ್ವಲ್ಪ ದೀರ್ಘವಾಗಿಯೇ, ಉತ್ತರಿಸುತ್ತೇನೆ.

ರಕ್ತವೋ ನೆಲವೋ ಎಂಬುದು ಸಂಶೋಧಕರಿಗೂ ಹಳೆಯ ಪ್ರಶ್ನೆಯೇ. ಒಂದೇ ಮೂಲದ ಜನ ಬೇರೆ ಬೇರೆ ನೆಲದಲ್ಲಿ ಬದುಕುವುದನ್ನು ನೋಡಿದರೆ ಎರಡನ್ನೂ ಬಿಡಿಸಿ ನೋಡಬಹುದೆಂಬ ಆಸೆಯಿಂದಲೇ ವಲಸಿಗರ ಅಧ್ಯಯನಗಳು ಹುಟ್ಟಿಕೊಂಡವು. ಇವುಗಳಲ್ಲಿ ಬಹಳ ಹೆಸರಾದದ್ದು 1960ರ ದಶಕದ ನಡುಭಾಗದಲ್ಲಿ ಆರಂಭವಾದ ನಿ-ಹೊನ್-ಸಾನ್ ಅಧ್ಯಯನ. ನಿಪ್ಪಾನ್ (ಅಂದರೆ ಜಪಾನ್), ಹೊನೊಲುಲು, ಸ್ಯಾನ್ ಫ್ರಾನ್ಸಿಸ್ಕೊ ಎಂಬ ಹೆಸರುಗಳ ಮೊದಲ ತುಣುಕುಗಳನ್ನು ಸೇರಿಸಿ ಆ ಹೆಸರು ಇಟ್ಟರು. ಹಿರೋಶಿಮಾ ಮತ್ತು ನಾಗಾಸಾಕಿಯಲ್ಲಿಯೇ ಉಳಿದ ಜಪಾನೀ ಗಂಡಸರು, ಹವಾಯಿಯಲ್ಲಿ ನೆಲೆಸಿದ ಜಪಾನೀ ಮೂಲದವರು, ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಜಪಾನೀ ಮೂಲದವರು, ಈ ಮೂರು ಗುಂಪುಗಳನ್ನು ಹೋಲಿಸಿದಾಗ ಪರಿಧಮನಿಯ, ಅಂದರೆ ಹೃದಯಕ್ಕೆ ರಕ್ತ ಒಯ್ಯುವ ನಾಳದ, ಕಾಯಿಲೆ ಜಪಾನಿನಲ್ಲಿ ಅತಿ ಕಡಿಮೆ, ಹವಾಯಿಯಲ್ಲಿ ಮಧ್ಯಮ, ಕ್ಯಾಲಿಫೋರ್ನಿಯಾದಲ್ಲಿ ಅತಿ ಹೆಚ್ಚು ಎಂದು ಕಂಡುಬಂತು. ವಂಶ ಒಂದೇ ಆಗಿದ್ದೂ ನೆಲ ಬದಲಾದಂತೆ ಅಪಾಯವೂ ಬದಲಾಯಿತು. ನಿಮ್ಮ ಬಂಧುಗಳಲ್ಲಿ ಮೊದಲ ಗುಂಪಿನವರು ಇದನ್ನು ಓದಿದರೆ ಗೆದ್ದೆವೆಂದುಕೊಂಡಾರು.

ಆದರೆ ಆ ಅಧ್ಯಯನದ ಇನ್ನೊಂದು ಭಾಗ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಮೈಕೆಲ್ ಮಾರ್ಮಟ್ ಮತ್ತು ಲಿಯೊನಾರ್ಡ್ ಸೈಮ್ ಎಂಬ ಸಂಶೋಧಕರು ಕ್ಯಾಲಿಫೋರ್ನಿಯಾದ 3,809 ಮಂದಿ ಜಪಾನೀ ಮೂಲದವರನ್ನು ಪ್ರತ್ಯೇಕವಾಗಿ ಪರಿಶೀಲಿಸಿ 1976ರಲ್ಲಿ ಒಂದು ಬರಹ ಪ್ರಕಟಿಸಿದರು. ತಮ್ಮ ಸಮುದಾಯದೊಡನೆ ಗಟ್ಟಿಯಾದ ಸಂಬಂಧ ಉಳಿಸಿಕೊಂಡಿದ್ದವರಲ್ಲಿ ಈ ಕಾಯಿಲೆ ಜಪಾನಿನಲ್ಲಿರುವಷ್ಟೇ ಕಡಿಮೆ ಇತ್ತು. ಆ ಸಂಬಂಧಗಳಿಂದ ತೀರ ದೂರ ಸರಿದಿದ್ದವರಲ್ಲಿ ಅದರ ಮೂರರಿಂದ ಐದು ಪಟ್ಟು ಇತ್ತು. ಕೊಲೆಸ್ಟರಾಲ್, ರಕ್ತದೊತ್ತಡ, ಧೂಮಪಾನಗಳ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಈ ಅಂತರ ಅಳಿಯಲಿಲ್ಲ. ನೆಲ ಎಂದಾಗ ನಾವು ಊಟ ಮತ್ತು ವ್ಯಾಯಾಮಗಳನ್ನಷ್ಟೇ ಯೋಚಿಸುತ್ತೇವೆ. ಕಷ್ಟಕ್ಕೆ ಕರೆದರೆ ಬರುವ ಜನ ಸುತ್ತ ಇದ್ದಾರೆಯೇ ಎಂಬುದೂ ಆ ನೆಲದ ಒಂದು ಗುಣವೇ. ಪೆನ್ಸಿಲ್ವೇನಿಯಾದ ರೊಸೆಟೊ ಎಂಬ ಇಟಲಿ ವಲಸಿಗರ ಪಟ್ಟಣದಲ್ಲಿಯೂ, ಜನ ಒಟ್ಟಾಗಿ ಬದುಕುತ್ತಿದ್ದಷ್ಟು ಕಾಲ ಹೃದಯಾಘಾತದ ಸಾವುಗಳು ಪಕ್ಕದ ಪಟ್ಟಣಕ್ಕಿಂತ ಕಡಿಮೆ ಇದ್ದು, ಆ ಒಗ್ಗಟ್ಟು ಸಡಿಲವಾದ ಮೇಲೆ ಸಮನಾದವು. ಅದು ಚಿಕ್ಕ ಪಟ್ಟಣ, ಸಾವುಗಳ ಸಂಖ್ಯೆಯೂ ಚಿಕ್ಕದು. ಆದ್ದರಿಂದ ಅದೊಂದನ್ನೇ ಪುರಾವೆಯೆಂದು ನಾನು ಒಪ್ಪುವುದಿಲ್ಲ, ಜಪಾನೀಯರ ಅಧ್ಯಯನದ ಜೊತೆಗಿಟ್ಟು ನೋಡುತ್ತೇನೆ.

ಈಗ ಅಣ್ಣತಮ್ಮಂದಿರ ವಿಷಯ. ನಿಮ್ಮಂಥದೇ ಪ್ರಶ್ನೆಯನ್ನು ಒಂದು ಅಧ್ಯಯನ ನೇರವಾಗಿ ಕೇಳಿತ್ತು. ಐರ್ಲೆಂಡಿನಲ್ಲಿಯೇ ಉಳಿದ ಗಂಡಸರು, ಅಮೆರಿಕದ ಬಾಸ್ಟನ್ನಿಗೆ ಹೋದ ಅವರ ಒಡಹುಟ್ಟಿದವರು, ಬಾಸ್ಟನ್ ಸುತ್ತಮುತ್ತ ಹುಟ್ಟಿದ ಐರಿಷ್ ವಲಸಿಗರ ಮಕ್ಕಳು, ಹೀಗೆ ಒಟ್ಟು 1,001 ಮಂದಿಯನ್ನು 20 ವರ್ಷ ಗಮನಿಸಿ 1985ರಲ್ಲಿ ಫಲಿತಾಂಶ ಪ್ರಕಟಿಸಿದರು. ಪರಿಧಮನಿಯ ಕಾಯಿಲೆಯಿಂದಾದ ಸಾವಿನಲ್ಲಿ ಈ ಮೂರು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಜಪಾನೀಯರಿಗೆ ಆದದ್ದು ಐರಿಷರಿಗೆ ಆಗಲಿಲ್ಲ. ಎಲ್ಲಿಂದ ಹೊರಟು ಎಲ್ಲಿಗೆ ತಲುಪಿದೆವು, ಎರಡೂ ಕಡೆಯ ಬದುಕು ಎಷ್ಟು ಬೇರೆ ಎಂಬುದರ ಮೇಲೆ ಇದು ನಿಂತಿದೆ. ವಲಸೆ ಎಂಬ ಒಂದೇ ಪದದಡಿ ನೂರಾರು ಬಗೆಯ ಪಯಣಗಳನ್ನು ಸೇರಿಸಿ ಅದನ್ನೇ ರೋಗಕಾರಣವೆಂದು ಕರೆಯುವುದು ಸರಿಯಲ್ಲ.

ಕೆನಡಾದ ಆಂಟೇರಿಯೊ ಪ್ರಾಂತ್ಯದಲ್ಲಿ 8 ಲಕ್ಷಕ್ಕೂ ಹೆಚ್ಚು ವಲಸಿಗರ ದಾಖಲೆಗಳನ್ನು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸುತ್ತದೆ. ಒಟ್ಟಾರೆಯಾಗಿ ನೋಡಿದರೆ ವಲಸಿಗರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮುಂತಾದ ಗಂಭೀರ ಘಟನೆಗಳು ಅಲ್ಲಿನ ದೀರ್ಘಕಾಲದ ನಿವಾಸಿಗಳಿಗಿಂತ ಶೇಕಡ 30ರಷ್ಟು ಕಡಿಮೆಯೇ ಇದ್ದವು. ಇದು ಅಚ್ಚರಿಯೇನಲ್ಲ, ಆರೋಗ್ಯವಂತರೇ ಊರು ಬಿಟ್ಟು ಹೊರಡುತ್ತಾರೆ, ಹೊರಡುವ ಮುನ್ನ ಅನೇಕರು ವೈದ್ಯಕೀಯ ಪರೀಕ್ಷೆಯನ್ನೂ ದಾಟಿರುತ್ತಾರೆ. ಆದರೆ ಗುಂಪುಗಳನ್ನು ಬಿಡಿಸಿ ನೋಡಿದಾಗ ಚಿತ್ರವೇ ಬೇರೆ. ಪೂರ್ವ ಏಷ್ಯಾದ ಗಂಡಸರಲ್ಲಿ ವರ್ಷಕ್ಕೆ 1,000 ಮಂದಿಗೆ 2.4 ಘಟನೆಗಳಾದರೆ ದಕ್ಷಿಣ ಏಷ್ಯಾದ ಗಂಡಸರಲ್ಲಿ 8.9 ಆಗಿದ್ದವು. ಕಡಿಮೆ ಅಪಾಯದಿಂದ ಆರಂಭಿಸಿದ ಆ ಪೂರ್ವ ಏಷ್ಯಾದವರಲ್ಲಿಯೂ ಕೆನಡಾದಲ್ಲಿ ಕಳೆದ ವರ್ಷಗಳು ಹೆಚ್ಚಾದಂತೆ ಅಪಾಯ ಏರುತ್ತ ಹೋಯಿತು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ವಲಸಿಗರಲ್ಲಿ ಸಾವು ಕಡಿಮೆ ಎಂಬ ಅಂಕಿಗಳನ್ನು ಓದುವಾಗ, ಕಾಯಿಲೆ ಬಿದ್ದ ಮೇಲೆ ಹುಟ್ಟೂರಿಗೆ ಮರಳಿ ಅಲ್ಲಿ ತೀರಿಕೊಂಡವರು ಯಾವ ದೇಶದ ಲೆಕ್ಕದಲ್ಲಿ ಸೇರಿದರು ಎಂದು ಕೇಳಿಕೊಳ್ಳಬೇಕು. ಎಷ್ಟೋ ಸಲ ಅವರು ಎರಡು ಲೆಕ್ಕಗಳಲ್ಲಿಯೂ ಇರುವುದಿಲ್ಲ.

ಇನ್ನು ಇಲ್ಲಿಯೇ ಉಳಿದವನು ಎಂದು ನೀವು ನಿಮ್ಮನ್ನು ಕರೆದುಕೊಂಡಿದ್ದೀರಿ. ಘಾನಾ ದೇಶದ ಹಳ್ಳಿಗಳು, ಅದೇ ದೇಶದ ನಗರಗಳು, ಆಮ್‌ಸ್ಟರ್‌ಡ್ಯಾಮ್, ಬರ್ಲಿನ್ ಮತ್ತು ಲಂಡನ್ನಿನಲ್ಲಿರುವ ಘಾನಾ ಮೂಲದವರು, ಇವರನ್ನು ಹೋಲಿಸಿದ ರೋಡಾಮ್ ಎಂಬ ಅಧ್ಯಯನದಲ್ಲಿ ಬೊಜ್ಜು ಹಳ್ಳಿಯ ಗಂಡಸರಲ್ಲಿ ಶೇಕಡ 1ರ ಆಸುಪಾಸು ಇದ್ದರೆ ಲಂಡನ್ನಿನಲ್ಲಿ ಶೇಕಡ 20ರ ಆಸುಪಾಸು ಇತ್ತು. ಘಾನಾದ ನಗರಗಳಲ್ಲಿ ಅದು ಆಗಲೇ ಹಳ್ಳಿಯ ಹಲವು ಪಟ್ಟಾಗಿತ್ತು ಎಂಬುದನ್ನು ಮಾತ್ರ ಜನ ಗಮನಿಸುವುದಿಲ್ಲ. ಭಾರತದಲ್ಲಿ ಹಳ್ಳಿಯಿಂದ ನಗರದ ಕಾರ್ಖಾನೆಗಳಿಗೆ ಬಂದವರನ್ನು ಹಳ್ಳಿಯಲ್ಲಿ ಉಳಿದ ಅವರ ಒಡಹುಟ್ಟಿದವರೊಡನೆ ಹೋಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ, ಬಂದವರ ಬೊಜ್ಜು ಮತ್ತು ಮಧುಮೇಹದ ಪ್ರಮಾಣ ನಗರವಾಸಿಗಳ ಮಟ್ಟಕ್ಕೆ ಹತ್ತಿರವಾಗಿತ್ತು. ಪಾಸ್‌ಪೋರ್ಟ್ ಇಲ್ಲದೆಯೂ ವಲಸೆ ನಡೆಯುತ್ತದೆ. ನೀವು ಹಳ್ಳಿಯಲ್ಲಿದ್ದೀರೋ ನಗರದಲ್ಲಿದ್ದೀರೋ ನನಗೆ ತಿಳಿಯದು. ದಿನವಿಡೀ ಕುಳಿತು ಮಾಡುವ ಕೆಲಸ ನಿಮ್ಮದಾಗಿದ್ದರೆ, ಅಣ್ಣನ ಬದುಕಿಗೂ ನಿಮ್ಮ ಬದುಕಿಗೂ ಇರುವ ದೂರ ನೀವು ತಿಳಿದಷ್ಟು ಇಲ್ಲ.

ಉತ್ತರ 2
ಬರೆದವರು: ನಾಡಿ

ನಾನು ಹೃದ್ರೋಗ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯ. ಕಿರಿಯವ ಅವರ ಎರಡನೆಯ ಪ್ರಶ್ನೆಯನ್ನು ತೆಗೆದುಕೊಳ್ಳುತ್ತೇನೆ, ಏಕೆಂದರೆ ನಿಮ್ಮ ಅಣ್ಣನವರಂಥ ರೋಗಿಗಳನ್ನು, ಎಲ್ಲವೂ ಸರಿಯಿದೆ ಎಂಬ ಹಳೆಯ ವರದಿಯನ್ನು ಕೈಯಲ್ಲಿ ಹಿಡಿದುಕೊಂಡು ಬರುವವರನ್ನು, ನಾನು ಬಹಳ ಸಲ ಕಂಡಿದ್ದೇನೆ. ಅವರನ್ನು ಪರೀಕ್ಷಿಸದೆ ಅವರ ಬಗ್ಗೆ ನಿರ್ಣಯ ಹೇಳಲಾರೆ. ಲೆಕ್ಕಾಚಾರಗಳು ಸಾಮಾನ್ಯವಾಗಿ ಎಲ್ಲಿ ಎಡವುತ್ತವೆ ಎಂಬುದನ್ನು ಹೇಳಬಲ್ಲೆ.

ಹತ್ತು ವರ್ಷಗಳ ಅಪಾಯವನ್ನು ಹೇಳುವ ಈ ಸೂತ್ರಗಳೆಲ್ಲ ಯಾವುದೋ ಒಂದು ಜನಸಮುದಾಯವನ್ನು ವರ್ಷಗಟ್ಟಲೆ ಗಮನಿಸಿ ರೂಪಿಸಿದವು. ಅಮೆರಿಕದಲ್ಲಿ 2013ರಿಂದ ಬಳಕೆಗೆ ಬಂದ ಸೂತ್ರಕ್ಕೆ ಆಧಾರವಾದವರು ಬಹುಪಾಲು ಅಲ್ಲಿನ ಬಿಳಿಯರು ಮತ್ತು ಕಪ್ಪು ವರ್ಣೀಯರು. ಬೇರೆ ಮೂಲದವರನ್ನು ಅದರಲ್ಲಿ ಹಾಕಿದಾಗ ಬರುವ ಉತ್ತರ ಬೇರೊಬ್ಬರ ಅಳತೆಗೆ ಹೊಲಿದ ಅಂಗಿಯಂತೆ. ಇದನ್ನು ಮನಗಂಡೇ ಅಲ್ಲಿನ 2018ರ ಕೊಲೆಸ್ಟರಾಲ್ ಮಾರ್ಗಸೂಚಿಯು ದಕ್ಷಿಣ ಏಷ್ಯಾ ಮೂಲವನ್ನು ಅಪಾಯ ಹೆಚ್ಚಿಸುವ ಅಂಶಗಳ ಪಟ್ಟಿಯಲ್ಲಿ ಸೇರಿಸಿತು. ಬ್ರಿಟನ್ನಿನ ಕ್ಯೂರಿಸ್ಕ್ ಸೂತ್ರ ಜನಾಂಗೀಯ ಮೂಲವನ್ನೂ ಕುಟುಂಬದ ಇತಿಹಾಸವನ್ನೂ ಕೇಳುತ್ತದೆ. ಯುರೋಪಿನ ಸ್ಕೋರ್-2 ದೇಶಗಳನ್ನು ನಾಲ್ಕು ಅಪಾಯ ವಲಯಗಳಾಗಿ ವಿಂಗಡಿಸಿದೆ. ನೀವು ಎಲ್ಲಿಂದ ಬಂದವರೆಂದು ಅದು ಕೇಳುವುದಿಲ್ಲ, ಈಗ ಎಲ್ಲಿದ್ದೀರಿ ಎಂಬುದನ್ನಷ್ಟೇ ನೋಡುತ್ತದೆ. ಹೆಚ್ಚು ಅಪಾಯದ ಸಮುದಾಯದಿಂದ ಬಂದು ಕಡಿಮೆ ಅಪಾಯದ ದೇಶದಲ್ಲಿ ನೆಲೆಸಿದವನನ್ನು ಅದು ಆ ದೇಶದವನೆಂದೇ ಎಣಿಸುತ್ತದೆ. ಅದಕ್ಕಾಗಿಯೇ ಯುರೋಪಿನ ಹೃದ್ರೋಗ ತಜ್ಞರ 2021ರ ಮಾರ್ಗಸೂಚಿಯು, ಬಂದ ಉತ್ತರವನ್ನು ಭಾರತ ಮತ್ತು ಬಾಂಗ್ಲಾದೇಶ ಮೂಲದವರಿಗೆ 1.3ರಿಂದಲೂ ಪಾಕಿಸ್ತಾನ ಮೂಲದವರಿಗೆ 1.7ರಿಂದಲೂ ಗುಣಿಸಬಹುದೆಂದು ಸೂಚಿಸಿದೆ. ಚೀನೀ ಮೂಲದವರಿಗೆ 0.7ರಿಂದ, ಅಂದರೆ ಅವರಿಗೆ ಅಪಾಯವನ್ನು ಕಡಿಮೆ ಮಾಡಿಕೊಳ್ಳಬೇಕು. ಗಡಿಬಿಡಿಯ ಹತ್ತು ನಿಮಿಷಗಳ ಭೇಟಿಯಲ್ಲಿ ಈ ಗುಣಾಕಾರ ಎಷ್ಟು ಸಲ ನಡೆಯುತ್ತದೆ ಎಂಬುದು ಬೇರೆ ಮಾತು.

ಎರಡನೆಯದಾಗಿ ವಯಸ್ಸು. ಈ ಸೂತ್ರಗಳಲ್ಲಿ ಎಲ್ಲಕ್ಕಿಂತ ಹೆಚ್ಚು ತೂಕವಿರುವುದು ವಯಸ್ಸಿಗೆ. 45 ವರ್ಷದವನಿಗೆ ಬೇರೆ ಯಾವ ದೋಷವಿದ್ದರೂ ಉತ್ತರ ಸಾಮಾನ್ಯವಾಗಿ ಕಡಿಮೆಯೇ ಬರುತ್ತದೆ. ಆದರೆ 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಮೊದಲ ಹೃದಯಾಘಾತದ ಸರಾಸರಿ ವಯಸ್ಸು ದಕ್ಷಿಣ ಏಷ್ಯಾದವರಲ್ಲಿ 53, ಉಳಿದವರಲ್ಲಿ ಸುಮಾರು 59. ಕಾಯಿಲೆ ಐದಾರು ವರ್ಷ ಮುಂಚೆಯೇ ಬರುವವರಿಗೆ, ಅದು ತಡವಾಗಿ ಬರುವವರ ಗಡಿಯಾರವನ್ನು ತೋರಿಸಿದಂತಾಯಿತು. ಅದೇ ಅಧ್ಯಯನ ಇನ್ನೊಂದು ಮುಖ್ಯ ಸಂಗತಿಯನ್ನೂ ಹೇಳಿತು: ಧೂಮಪಾನ, ಕೊಲೆಸ್ಟರಾಲ್, ರಕ್ತದೊತ್ತಡ, ಮಧುಮೇಹ, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ ಮುಂತಾದ ಒಂಬತ್ತು ಅಂಶಗಳೇ ಜಗತ್ತಿನ ಎಲ್ಲೆಡೆ ಮೊದಲ ಹೃದಯಾಘಾತದ ಅಪಾಯದ ಬಹುಪಾಲನ್ನು, ಗಂಡಸರಲ್ಲಿ ಶೇಕಡ 90ರಷ್ಟನ್ನು, ವಿವರಿಸುತ್ತವೆ. ಆದ್ದರಿಂದ ರಕ್ತದಲ್ಲಿಯೇ ಇದೆ, ಏನು ಮಾಡಿದರೂ ಬರುತ್ತದೆ ಎಂಬ ನಿಮ್ಮ ಬಂಧುಗಳ ಮಾತನ್ನು ನಾನು ಒಪ್ಪುವುದಿಲ್ಲ. ಆ ಮಾತು ಚಿಕಿತ್ಸೆಯನ್ನೇ ವ್ಯರ್ಥವೆನಿಸುವಂತೆ ಮಾಡುತ್ತದೆ, ಜನ ಮಾತ್ರೆ ಬಿಡುವುದು ಇಂಥ ಮಾತು ಕೇಳಿಯೇ.

ಮೂರನೆಯದು ನಿಮ್ಮ ಅಣ್ಣನವರ ಬಿಎಂಐ. 24 ಎಂಬುದು 25ರ ಸಾಮಾನ್ಯ ಮಿತಿಯೊಳಗಿದೆ, ನಿಜ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿಯೇ ಏಷ್ಯಾದ ಜನರಿಗೆ 23ರಿಂದಲೇ ಎಚ್ಚರ ವಹಿಸಬೇಕೆಂದು ಹೇಳಿದ್ದರು. ದಕ್ಷಿಣ ಏಷ್ಯಾ ಮೂಲದವರಲ್ಲಿ ಚರ್ಮದಡಿ ಶೇಖರವಾಗಬೇಕಾದ ಕೊಬ್ಬು ಬೇಗನೆ ಯಕೃತ್ತು ಮತ್ತು ಕರುಳಿನ ಸುತ್ತ ಸೇರಿಕೊಳ್ಳುತ್ತದೆ. ತೆಳ್ಳಗೆ ಕಾಣುವವರಿಗೂ ಇನ್ಸುಲಿನ್ ಪ್ರತಿರೋಧ, ಅಂದರೆ ದೇಹ ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸದ ಸ್ಥಿತಿ, ಉಂಟಾಗುತ್ತದೆ. ಲಂಡನ್ನಿನಲ್ಲಿ 40ರಿಂದ 69 ವರ್ಷದವರ ಮೇಲೆ ನಡೆದು 1991ರಲ್ಲಿ ಪ್ರಕಟವಾದ ಸೌತಾಲ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾ ಮೂಲದವರಲ್ಲಿ ಮಧುಮೇಹ ಶೇಕಡ 19, ಯುರೋಪ್ ಮೂಲದವರಲ್ಲಿ ಶೇಕಡ 4. ಆದ್ದರಿಂದ ತೂಕದ ಯಂತ್ರಕ್ಕಿಂತ ಟೇಪು ಹೆಚ್ಚು ಸತ್ಯ ಹೇಳುತ್ತದೆ: ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ನಡುವೆ ಅಳೆದಾಗ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಮುಟ್ಟಿದರೆ ಅದು ಹೆಚ್ಚೇ.

ಇನ್ನೊಂದು ಅಂಶ ಬಹಳ ಕಡೆ ಅಳೆಯದೆಯೇ ಉಳಿದುಬಿಡುತ್ತದೆ, ಅದು ಲಿಪೊಪ್ರೋಟೀನ್(ಎ). ಕೆಟ್ಟ ಕೊಲೆಸ್ಟರಾಲ್ ಎಂದು ಜನ ಕರೆಯುವ ಎಲ್‌ಡಿಎಲ್ ಕಣಕ್ಕೆ ಇನ್ನೊಂದು ಪ್ರೋಟೀನ್ ಅಂಟಿಕೊಂಡಂತಿರುವ ಈ ಕಣದ ಪ್ರಮಾಣ ಬಹುತೇಕ ಹುಟ್ಟಿನಿಂದಲೇ ನಿರ್ಧಾರವಾಗಿರುತ್ತದೆ. ಪಥ್ಯದಿಂದಲೂ ವ್ಯಾಯಾಮದಿಂದಲೂ ಅಷ್ಟಾಗಿ ಬದಲಾಗದು. ಜಗತ್ತಿನಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಇದು ಹೆಚ್ಚಿರುತ್ತದೆ. ಸಾಮಾನ್ಯ ಕೊಲೆಸ್ಟರಾಲ್ ವರದಿಯಲ್ಲಿ ಇದು ಬರುವುದಿಲ್ಲ, ಕೇಳಿ ಮಾಡಿಸಬೇಕು. ಜೀವನದಲ್ಲಿ ಒಮ್ಮೆ ಮಾಡಿಸಿದರೆ ಸಾಮಾನ್ಯವಾಗಿ ಸಾಕು. ಲೀಟರಿಗೆ 125 ನ್ಯಾನೊಮೋಲ್ ಅಥವಾ ಡೆಸಿಲೀಟರಿಗೆ 50 ಮಿಲಿಗ್ರಾಂ ದಾಟಿದರೆ ಉಳಿದ ಎಲ್ಲ ಅಂಶಗಳನ್ನೂ, ಮುಖ್ಯವಾಗಿ ಎಲ್‌ಡಿಎಲ್ ಅನ್ನು, ಇನ್ನಷ್ಟು ಬಿಗಿಯಾಗಿ ಹಿಡಿತದಲ್ಲಿಡಬೇಕು. ನಿಮ್ಮ ಅಣ್ಣನವರಿಗೆ ಈ ಪರೀಕ್ಷೆ ಆಗಿದೆಯೇ ಎಂದು ವಿಚಾರಿಸಿ. ನಿಮ್ಮ ಮನೆಯಲ್ಲಿ ಬೇರೆ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಹೃದಯದ ತೊಂದರೆ ಆಗಿತ್ತೇ ಎಂಬುದನ್ನೂ ತಿಳಿಸಿ. ನಿಮ್ಮ ಪ್ರಶ್ನೆಯಲ್ಲಿ ಅದರ ಬಗ್ಗೆ ಒಂದು ಮಾತೂ ಇಲ್ಲ.

ಉತ್ತರ 3
ಬರೆದವರು: ದುಭಾಷಿ

ಮೇಲಿನ ಇಬ್ಬರೂ ಹೇಳಿದ್ದನ್ನು ಗೌರವದಿಂದ ಓದಿದೆ. ನಾನು ಹೊರದೇಶದ ಆಸ್ಪತ್ರೆಯೊಂದರಲ್ಲಿ ವಲಸಿಗ ರೋಗಿಗಳಿಗೂ ವೈದ್ಯರಿಗೂ ನಡುವೆ ಮಾತು ದಾಟಿಸುವ ಕೆಲಸವನ್ನು ಹನ್ನೊಂದು ವರ್ಷಗಳಿಂದ ಮಾಡುತ್ತಿದ್ದೇನೆ. ವಂಶ ಮತ್ತು ಜೀವನಕ್ರಮಗಳ ನಡುವೆ ಮೂರನೆಯ ಸಂಗತಿಯೊಂದು ಕಾಣದೆ ಹೋಗುತ್ತದೆ, ಅದು ಆ ಕೊಠಡಿಯಲ್ಲಿ ಏನು ಹೇಳಲಾಗುತ್ತದೆ, ಏನು ಹೇಳದೆ ಉಳಿಯುತ್ತದೆ ಎಂಬುದು.

ಸಂಕಟ ಎಂಬ ನಮ್ಮ ಮಾತನ್ನೇ ತೆಗೆದುಕೊಳ್ಳಿ. ಎದೆಯಲ್ಲಿ ಸಂಕಟವಾಗುತ್ತಿದೆ ಎಂದು ಹಿರಿಯರೊಬ್ಬರು ಹೇಳಿದಾಗ ಜೊತೆಗೆ ಬಂದ ಮೊಮ್ಮಗ ಅದನ್ನು ಮನಸ್ಸಿಗೆ ಬೇಸರವಾಗಿದೆ ಎಂದು ದಾಟಿಸಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಹುಡುಗನ ತಪ್ಪೇನೂ ಅಲ್ಲ. ಆ ಪದದಲ್ಲಿ ಎರಡೂ ಅರ್ಥ ಇವೆ. ಎದೆ ಉರಿ ಎಂದರೆ ಹೊಟ್ಟೆಯ ಆಮ್ಲವೆಂದು ಬರೆದುಕೊಳ್ಳುತ್ತಾರೆ. ಎದೆ ಹಿಂಡಿದಂತಾಗುವುದು, ದವಡೆ, ಬೆನ್ನು ಅಥವಾ ತೋಳಿಗೆ ನೋವು ಹರಿಯುವುದು, ಮೆಟ್ಟಿಲು ಹತ್ತುವಾಗ ಬಂದು ನಿಂತರೆ ಹೋಗುವುದು, ತಣ್ಣನೆಯ ಬೆವರು, ಕಾರಣವಿಲ್ಲದ ಏದುಸಿರು, ಇವನ್ನೆಲ್ಲ ಬಿಡಿಬಿಡಿಯಾಗಿ ಕೇಳಿದರೆ ಮಾತ್ರ ಹೊರಬರುತ್ತವೆ. ಮಧುಮೇಹವಿರುವವರಲ್ಲಿ ನೋವೇ ಇಲ್ಲದೆಯೂ ಹೃದಯಾಘಾತ ಆಗುವುದುಂಟು. ಮನೆಯ ಮಕ್ಕಳನ್ನು ದುಭಾಷಿಗಳಾಗಿ ಕರೆದೊಯ್ಯಬೇಡಿ, ತರಬೇತಿ ಪಡೆದವರನ್ನು ಕೇಳಿ ಪಡೆಯಿರಿ. ಅನೇಕ ದೇಶಗಳ ಆಸ್ಪತ್ರೆಗಳಲ್ಲಿ ಇದಕ್ಕೆ ಹಣ ಕೊಡಬೇಕಾಗಿಯೂ ಇಲ್ಲ.

ನಾಡಿ ಅವರು ಕೇಳಿದ ಕುಟುಂಬದ ಇತಿಹಾಸದ ಪ್ರಶ್ನೆಯ ಬಗ್ಗೆಯೂ ಒಂದು ಮಾತು. ನಿಮ್ಮ ಕುಟುಂಬದಲ್ಲಿ ಹೃದ್ರೋಗವಿದೆಯೇ ಎಂದು ವೈದ್ಯರು ಕೇಳಿದಾಗ ವಲಸಿಗರಲ್ಲಿ ಬಹುಪಾಲು ಮಂದಿ ಇಲ್ಲವೆಂದೇ ಹೇಳುತ್ತಾರೆ. ಸುಳ್ಳು ಹೇಳುವುದಲ್ಲ, ಅವರಿಗೆ ಗೊತ್ತಿರುವುದಿಲ್ಲ. ತಂದೆ ತೀರಿಕೊಂಡಾಗ ಅವರು ಸಾವಿರಾರು ಮೈಲಿ ದೂರದಲ್ಲಿದ್ದರು, ಅಥವಾ ಇನ್ನೂ ಚಿಕ್ಕವರಾಗಿದ್ದರು. ಕಾರಣವನ್ನು ಯಾರೂ ದಾಖಲಿಸಿರಲಿಲ್ಲ. ಅದೇ ಪ್ರಶ್ನೆಯನ್ನು ನಾನು ಹೀಗೆ ದಾಟಿಸಲು ಕಲಿತಿದ್ದೇನೆ, ವೈದ್ಯರ ಅನುಮತಿ ಪಡೆದು: ನಿಮ್ಮ ಹತ್ತಿರದ ರಕ್ತಸಂಬಂಧಿಗಳಲ್ಲಿ ಯಾರಾದರೂ ಅರವತ್ತರೊಳಗೆ ಇದ್ದಕ್ಕಿದ್ದಂತೆ ತೀರಿಕೊಂಡರೇ? ಆಗ ಎಷ್ಟೋ ಹೊತ್ತು ಮೌನವಿರುತ್ತದೆ, ಆಮೇಲೆ ಉತ್ತರ ಬರುತ್ತದೆ.

ಒತ್ತಡದ ಬಗ್ಗೆ ನಿಮ್ಮ ಬಂಧುಗಳು ಹೇಳಿದ್ದು ಪೂರ್ತಿ ಸುಳ್ಳಲ್ಲ, ಆದರೆ ಅದನ್ನು ಅಣ್ಣನವರ ಆಯ್ಕೆಯೆಂಬಂತೆ ಹೇಳುವುದು ಅನ್ಯಾಯ. ರಾತ್ರಿ ಪಾಳಿ, ಒಂದರ ಮೇಲೊಂದು ಕೆಲಸ, ಪರವಾನಗಿಯ ನವೀಕರಣದ ಚಿಂತೆ, ಮನೆಗೆ ಕಳುಹಿಸಬೇಕಾದ ಹಣ, ಮೈಬಣ್ಣದ ಕಾರಣಕ್ಕೆ ಕೇಳಿಸಿಕೊಂಡ ಮಾತು, ಇವು ಯಾರೂ ಬಯಸಿ ಪಡೆದವಲ್ಲ. ರಜೆ ಕೇಳಿದರೆ ಕೆಲಸ ಹೋದೀತೆಂಬ ಭಯದಿಂದ ಎದೆನೋವನ್ನು ಮೂರು ದಿನ ಹೊತ್ತುಕೊಂಡು ಬಂದವರನ್ನು ನಾನು ನೋಡಿದ್ದೇನೆ. ಅವರಿಗೆ ಅಪಾಯದ ಅರಿವು ಇರಲಿಲ್ಲವೆಂದು ಆಮೇಲೆ ಬರೆಯುತ್ತಾರೆ. ಅರಿವು ಇತ್ತು.

ಮರುಪ್ರತಿಕ್ರಿಯೆ
ಬರೆದವರು: ಕಿರಿಯವ

ಮೂವರಿಗೂ ಮನಃಪೂರ್ವಕ ವಂದನೆಗಳು. ನಾಡಿ ಅವರ ಕೊನೆಯ ಸಾಲನ್ನೂ ದುಭಾಷಿ ಅವರು ಆ ಪ್ರಶ್ನೆಯನ್ನು ಕೇಳುವ ರೀತಿಯನ್ನೂ ಓದಿದ ಮೇಲೆ ನಿನ್ನೆ ಸಂಜೆ ಅಮ್ಮನ ಬಳಿ ಕುಳಿತು ಕೇಳಿದೆ.

ನಮ್ಮ ತಂದೆ 51ನೆಯ ವಯಸ್ಸಿನಲ್ಲಿ ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಆಗ ನನಗೆ 13 ವರ್ಷ. ಹೊಟ್ಟೆಯುಬ್ಬರವಾಗಿ ತೀರಿಕೊಂಡರೆಂದು ನಮಗೆ ಹೇಳಿದ್ದರು, ನಾವೂ ಹಾಗೆಯೇ ತಿಳಿದಿದ್ದೆವು. ಅದಕ್ಕೂ ಮೊದಲಿನ ಒಂದು ವಾರ ಎಡದೋಳು ಸೆಳೆಯುತ್ತದೆ ಎಂದು ಅವರು ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದರೆಂದು ಅಮ್ಮ ನಿನ್ನೆ ಮೊದಲ ಬಾರಿಗೆ ಹೇಳಿದರು. ಇಷ್ಟು ವರ್ಷ ಏಕೆ ಹೇಳಲಿಲ್ಲ ಎಂದು ಕೇಳಿದರೆ, ಯಾರೂ ಕೇಳಲಿಲ್ಲ ಎಂದರು. ತಂದೆಯ ಅಣ್ಣನೂ ಐವತ್ತರ ಆಸುಪಾಸಿನಲ್ಲಿಯೇ ತೀರಿಕೊಂಡವರು.

ಅಣ್ಣನಿಗೆ ಫೋನ್ ಮಾಡಿ ತಿಳಿಸಿದೆ. ಎರಡು ವರ್ಷಗಳ ಹಿಂದೆ ತುಂಬಿದ ಅರ್ಜಿಯಲ್ಲಿ ಕುಟುಂಬದ ಇತಿಹಾಸ ಎಂಬಲ್ಲಿ ಇಲ್ಲ ಎಂದು ಗುರುತು ಹಾಕಿದ್ದು ಅವರಿಗೆ ಚೆನ್ನಾಗಿ ನೆನಪಿದೆ. ಇಷ್ಟು ದಿನ ನಾನು ಆ ವೈದ್ಯರ ಮೇಲೆ ಸಿಟ್ಟಾಗಿದ್ದೆ. ಈಗ ಆ ಸಿಟ್ಟು ಮೊದಲಿನಂತಿಲ್ಲ. ಈ ಮಾಹಿತಿಯಿಂದ ಅವರ ಚಿಕಿತ್ಸೆಯಲ್ಲಿ ಏನಾದರೂ ಬದಲಾಗುತ್ತದೆಯೇ? ಅಣ್ಣನ ಮಗಳಿಗೆ ಈಗ 14 ವರ್ಷ, ನನಗೆ 44.

ಉತ್ತರ 4
ಬರೆದವರು: ನಾಡಿ

ಕಿರಿಯವ ಅವರೇ, ನಿಮ್ಮ ತಾಯಿಯವರನ್ನು ಕೇಳಿದ್ದು ಬಹಳ ದೊಡ್ಡ ಕೆಲಸ. ತಂದೆಯವರ ಸಾವಿಗೆ ಹೃದಯವೇ ಕಾರಣವೆಂದು ಈಗ ಖಚಿತವಾಗಿ ಹೇಳಲಾಗದು, ಆದರೆ ವೈದ್ಯರಿಗೆ ಹೇಳುವಾಗ ಊಹೆಯನ್ನು ಸೇರಿಸದೆ, ಮುಚ್ಚಿಡದೆ, ನೀವು ಇಲ್ಲಿ ಬರೆದಂತೆಯೇ ಹೇಳಿ: 51ನೆಯ ವಯಸ್ಸಿನಲ್ಲಿ ನಿದ್ರೆಯಲ್ಲಿ ಹಠಾತ್ ಸಾವು, ಅದಕ್ಕೆ ಮೊದಲು ಒಂದು ವಾರ ಎಡದೋಳಿನ ನೋವು. ತಂದೆ ಅಥವಾ ಸಹೋದರನಿಗೆ 55 ವರ್ಷಕ್ಕೆ ಮೊದಲು, ತಾಯಿ ಅಥವಾ ಸಹೋದರಿಗೆ 65 ವರ್ಷಕ್ಕೆ ಮೊದಲು ಈ ಕಾಯಿಲೆ ಬಂದಿದ್ದರೆ ಅದನ್ನು ಅಕಾಲಿಕ ಹೃದ್ರೋಗದ ಕುಟುಂಬ ಇತಿಹಾಸ ಎಂದು ಪರಿಗಣಿಸುತ್ತಾರೆ. ತಂದೆಯವರ ವಿಷಯವನ್ನು ಬದಿಗಿಟ್ಟರೂ ನಿಮ್ಮ ಅಣ್ಣನವರ ಹೃದಯಾಘಾತವೊಂದೇ ನಿಮ್ಮನ್ನು ಆ ಗುಂಪಿಗೆ ಸೇರಿಸುತ್ತದೆ. ನೀವು ವಲಸೆ ಹೋಗಲಿಲ್ಲ ಎಂಬುದು ಇದರಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ನಿಮಗೆ ಈಗ ಬೇಕಾದದ್ದು ರಕ್ತದೊತ್ತಡ, ಸೊಂಟದ ಸುತ್ತಳತೆ, ಕೊಲೆಸ್ಟರಾಲ್, ಕಳೆದ ಎರಡು ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿಯನ್ನು ಹೇಳುವ ಎಚ್‌ಬಿಎ1ಸಿ ಮತ್ತು ಒಮ್ಮೆ ಲಿಪೊಪ್ರೋಟೀನ್(ಎ). ಎಚ್‌ಬಿಎ1ಸಿ 5.7ರಿಂದ 6.4ರೊಳಗಿದ್ದರೆ ಮಧುಮೇಹದ ಹೊಸ್ತಿಲು, 6.5 ಮುಟ್ಟಿದರೆ ಮಧುಮೇಹ. ಇವೆಲ್ಲ ಬಂದ ಮೇಲೆಯೂ ಔಷಧ ಬೇಕೋ ಬೇಡವೋ ಎಂಬ ಅನುಮಾನ ಉಳಿದರೆ ಪರಿಧಮನಿಗಳಲ್ಲಿ ಗಟ್ಟಿಯಾದ ಪದರವನ್ನು ತೋರಿಸುವ ಕ್ಯಾಲ್ಸಿಯಂ ಸ್ಕ್ಯಾನ್ ಸಹಾಯ ಮಾಡುತ್ತದೆ. ಆದರೆ ನಿಮ್ಮ ವಯಸ್ಸಿನಲ್ಲಿ ಅದು ಸೊನ್ನೆ ಬಂದರೂ ಪೂರ್ತಿ ನಿಶ್ಚಿಂತರಾಗಬೇಡಿ, ಇನ್ನೂ ಗಟ್ಟಿಯಾಗದ ಕೊಬ್ಬಿನ ಪದರ ಅದರಲ್ಲಿ ಕಾಣುವುದಿಲ್ಲ. ಅಣ್ಣನವರ ಚಿಕಿತ್ಸೆ ಮೊದಲೇ ಗರಿಷ್ಠ ಮಟ್ಟದಲ್ಲಿಯೇ ನಡೆಯುತ್ತಿರುತ್ತದೆ. ಈ ಮಾಹಿತಿಯಿಂದ ಎಲ್‌ಡಿಎಲ್ ಗುರಿ ಇನ್ನೂ ಕೆಳಗೆ ಹೋಗಬಹುದು. ಏಷ್ಯಾ ಮೂಲದವರ ರಕ್ತದಲ್ಲಿ, ಕೊಲೆಸ್ಟರಾಲ್ ಇಳಿಸುವ ಔಷಧವಾದ ರೋಸುವಾಸ್ಟ್ಯಾಟಿನ್ ಪ್ರಮಾಣ ಹೆಚ್ಚು ಏರುವುದರಿಂದ ಅದನ್ನು 5 ಮಿಲಿಗ್ರಾಂನಿಂದ ಆರಂಭಿಸುವಂತೆ ಅಮೆರಿಕದ ಔಷಧ ಪತ್ರದಲ್ಲಿ ಸೂಚನೆಯಿದೆ. ಮಾತ್ರೆಯ ಪ್ರಮಾಣದ ಬಗ್ಗೆ ಅನುಮಾನವಿದ್ದರೆ ವೈದ್ಯರೊಡನೆ ಮಾತನಾಡಲಿ, ತಾವಾಗಿಯೇ ಬಿಡುವುದು ಬೇಡ. ಸ್ಟೆಂಟ್ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಗಳನ್ನಂತೂ ಒಂದು ದಿನವೂ ತಪ್ಪಿಸಬಾರದು. ಹುಟ್ಟೂರಿಗೆ ಪ್ರಯಾಣ ಮಾಡುವಾಗ ಮಾತ್ರೆ ಮುಗಿದುಹೋಗಿ ತೊಂದರೆಗೆ ಸಿಲುಕಿದವರಿದ್ದಾರೆ.

ಮಗಳ ವಿಷಯದಲ್ಲಿ ಹೆದರಿಸಬೇಡಿ. ಅವಳ ಮಕ್ಕಳ ವೈದ್ಯರಿಗೆ ತಂದೆಯ ಹೃದಯಾಘಾತದ ವಯಸ್ಸನ್ನೂ ಅಜ್ಜನ ಸಾವಿನ ವಯಸ್ಸನ್ನೂ ತಿಳಿಸಿ, ಒಮ್ಮೆ ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಲು ಕೇಳಿದರೆ ಸಾಕು.

ಉತ್ತರ 5
ಬರೆದವರು: ದುಭಾಷಿ

ಒಂದು ಚಿಕ್ಕ ಸೇರ್ಪಡೆ. ಅಣ್ಣನವರಿಗೆ ಹೃದಯ ಪುನಶ್ಚೇತನ ತರಗತಿಗಳಿಗೆ ಆಹ್ವಾನ ಬಂದಿರಬಹುದು. ವ್ಯಾಯಾಮ, ಔಷಧ, ಆತಂಕ, ಕೆಲಸಕ್ಕೆ ಮರಳುವುದು, ಎಲ್ಲವನ್ನೂ ಕೆಲವು ವಾರ ಜೊತೆಗಿದ್ದು ಹೇಳಿಕೊಡುವ ಅದಕ್ಕೆ ಭಾಷೆಯ ಅಂಜಿಕೆಯಿಂದಲೋ ಪಾಳಿಯ ತೊಡಕಿನಿಂದಲೋ ವಲಸಿಗರು ಹೋಗದೆ ಉಳಿಯುವುದನ್ನು ನಾನು ಪದೇ ಪದೇ ನೋಡುತ್ತೇನೆ. ಎಣಿಕೆಗಾರ್ತಿ ಅವರು ಬರೆದ ಜಪಾನೀಯರ ಸಂಗತಿಯನ್ನು ಓದಿದಾಗ ನನಗೆ ಆ ತರಗತಿಗಳೇ ನೆನಪಾದವು. ಅಲ್ಲಿ ಸಿಕ್ಕ ಇಬ್ಬರು ಆಮೇಲೆ ಪ್ರತಿದಿನ ಜೊತೆಯಾಗಿ ನಡೆಯಲು ಹೋಗುವುದನ್ನು ನಾನು ಕಂಡಿದ್ದೇನೆ. ಅವರು ಖಂಡಿತ ಹೋಗಲಿ.

ಮರುಪ್ರತಿಕ್ರಿಯೆ
ಬರೆದವರು: ಕಿರಿಯವ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಅಣ್ಣನ ವೈದ್ಯರು ಲಿಪೊಪ್ರೋಟೀನ್(ಎ) ಪರೀಕ್ಷೆ ಮಾಡಿಸಿದರು. 168 ನ್ಯಾನೊಮೋಲ್ ಬಂದಿದೆ. ಎಲ್‌ಡಿಎಲ್ ಇಳಿಸಲು ಇನ್ನೊಂದು ಮಾತ್ರೆ ಸೇರಿಸಿದ್ದಾರೆ, ದಾಖಲೆಯಲ್ಲಿ ಕುಟುಂಬದ ಇತಿಹಾಸವನ್ನೂ ತಿದ್ದಿಸಿದ್ದೇವೆ. ಮಂಗಳವಾರದಿಂದ ಪುನಶ್ಚೇತನ ತರಗತಿಗೆ ಹೋಗುತ್ತಿದ್ದಾರೆ. ನನ್ನ ಸೊಂಟದ ಅಳತೆ 94, ಎಚ್‌ಬಿಎ1ಸಿ 6.1, ಉಳಿದ ವರದಿಗಳು ಇನ್ನೆರಡು ದಿನಗಳಲ್ಲಿ ಕೈಸೇರಲಿವೆ. ಅಮ್ಮ ಇನ್ನಿಬ್ಬರು ಚಿಕ್ಕಪ್ಪಂದಿರ ಮಕ್ಕಳಿಗೂ ತಾವೇ ಫೋನ್ ಮಾಡಿ ತಂದೆಯವರ ಆ ಕೊನೆಯ ವಾರದ ವಿಷಯವನ್ನು ಹೇಳಿದ್ದಾರೆ.